ಬ್ಯಾಗ್ ರಿಪೇರಿ ಅಂಗಡಿಯ ಗೂಢಚಾರ

ಫೆಬ್ರವರಿ 4, ಮಂಗಳವಾರ

ಕೊನೆಗೂ ಅದು ಅಂಗಡಿಯ ಹೊಸ್ತಿಲು ದಾಟಿತು. ಆ್ಯಪ್ ಅಂತೆ, ಆ್ಯಪ್! ಹರಿದ ಬ್ಯಾಗಿಗೆ ಹೊಲಿಗೆ ಹಾಕುವ ನಮಗೆ ಅದು ಯಾಕೆ ಬೇಕು? ಅದೇನು ಜಿಪ್ ಕೂರಿಸುತ್ತದೆಯೇ? ಸೂಟ್‌ಕೇಸಿನ ಚಕ್ರ ಬದಲಾಯಿಸುತ್ತದೆಯೇ? "ಅಂಗಡೀದೆಲ್ಲಾ ಅದೇ ನೋಡ್ಕೊಳ್ಳುತ್ತೆ ಮೇಡಂ" ಎಂದ, ಮಾರಲು ಬಂದವನು. ಎಲ್ಲಾ ನೋಡಿಕೊಳ್ಳಲು ನಾನಿಲ್ಲವೇ? ಬಂದಾಗಿನಿಂದ ಹೋಗುವ ತನಕ ಆ ಮನುಷ್ಯ ನಗುತ್ತಲೇ ಇದ್ದ. ಅಷ್ಟು ಹೊತ್ತು ನಗುವವರನ್ನು ನಾನು ನಂಬುವುದಿಲ್ಲ.

ಮೊದಲ ಮೂರು ತಿಂಗಳು ಪುಕ್ಕಟೆಯಂತೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವವರಿಗೆ ಹಾಕುವ ಗಾಳ ಇದು. ಮೂರು ತಿಂಗಳಲ್ಲಿ ನಮ್ಮ ಗಿರಾಕಿಗಳ ಹೆಸರು, ಫೋನ್ ನಂಬರು ಎಲ್ಲ ಅವರ ಹೊಟ್ಟೆಗೆ ಹೋಗಿರುತ್ತದೆ. ಆಮೇಲೆ ನಾವು ಇದ್ದರೆಷ್ಟು, ಬಿಟ್ಟರೆಷ್ಟು.

ಇದಕ್ಕೆಲ್ಲ ಕಾರಣ ಚಿಕ್ಕವಳು. ಮೈದುನನ ಹೆಂಡತಿಯಾಗಿ ಈ ಮನೆಗೆ ಬಂದಾಗ ಅವಳಿಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಕಲಿಸಿದವಳು ನಾನು. ಮೈದುನ ಲಾರಿ ಹತ್ತಿ ಊರೂರು ತಿರುಗುವವನು, ಮನೆಗೆ ಬರುವುದೇ ಅಪರೂಪ. ಹಾಗಾಗಿ ನಾವಿಬ್ಬರು ಓರಗಿತ್ತಿಯರು ಹಗಲೆಲ್ಲ ಒಂದೇ ಅಂಗಡಿಯಲ್ಲಿ, ಸಂಜೆ ಒಂದೇ ಒಲೆಯ ಮುಂದೆ. ಇಷ್ಟು ವರ್ಷ ಬಾಯಿಬಿಟ್ಟು ಏನೂ ಕೇಳದವಳು ಇದೊಂದಕ್ಕೆ ಹಟ ಹಿಡಿದಳು. "ಮಾಡಿದ ಕೆಲಸದ ಫೋಟೋ ತೆಗ್ದು ಇಡುತ್ತೆ ಅಕ್ಕ. ದೊಡ್ಡದಾಗಿ ಕಾಣುತ್ತೆ. ಒಂದ್ಸಲ ನೋಡೋಣ" ಎಂದಳು. ಏನೂ ಕೇಳದವರು ಕೇಳಿದಾಗಲೇ ನಾವು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು.

ಇವರು ಬೇರೆ ಅವಳ ಪರ. "ಇರ್ಲಿ ಬಿಡೇ, ಕಾಲ ಬದಲಾಗಿದೆ." ನಿವೃತ್ತಿಯಾದ ಮೇಲೆ ಇವರಿಗೆ ಎಲ್ಲವೂ ಇರಲಿ ಬಿಡೇ.

ನಾನು ಅದಕ್ಕೆ ಗೂಢಚಾರ ಎಂದು ಹೆಸರಿಟ್ಟಿದ್ದೇನೆ.

ಫೆಬ್ರವರಿ 6, ಗುರುವಾರ

ಗೂಢಚಾರನ ಕಾರುಬಾರು ಹೀಗಿದೆ. ಬ್ಯಾಗ್ ಬಂದ ಕೂಡಲೇ ಒಂದು ಫೋಟೋ. ನಂಬರು ಅದೇ ಕೊಡುತ್ತದೆ. ಕೆಲಸ ಶುರು ಮಾಡುವಾಗ ಒಂದು ಗುಂಡಿ ಒತ್ತಬೇಕು, ಮುಗಿದಾಗ ಇನ್ನೊಂದು ಗುಂಡಿ, ಇನ್ನೊಂದು ಫೋಟೋ. ನನ್ನದು ಮುಂದಿನ ಮೇಜು, ಅದು ಒಂದನೇ ಮೇಜು. ಹಿಡಿಕೆಗಳಿಗೆ ಮೇಣದ ದಾರದಲ್ಲಿ ಕೈಹೊಲಿಗೆ ಹಾಕುವುದು ನಾನು. ಹಿಂದಿನದು ಎರಡನೇ ಮೇಜು, ಅಲ್ಲಿ ಚಿಕ್ಕವಳ ಮಷೀನು. ನನ್ನ ಕೆಲಸ ಮುಗಿದ ಬ್ಯಾಗು ಅವಳ ಕೈಗೆ ಹೋಗಿ, ಒರೆಸಿ, ಕವರಿಗೆ ಹಾಕುವಾಗ ಕೊನೆಯ ಫೋಟೋ. ಆಗ ಗಿರಾಕಿಗೆ ತಾನೇ ಮೆಸೇಜು ಕಳಿಸುತ್ತದೆ. ಗಿರಾಕಿ ನಮಗೆ ನಕ್ಷತ್ರ ಕೊಡಬೇಕಂತೆ. ಇಷ್ಟು ವಯಸ್ಸಾದ ಮೇಲೆ ನಕ್ಷತ್ರ!

ಅದರಲ್ಲಿರುವ ಅಕ್ಷರ ಇರುವೆ ಮೊಟ್ಟೆಯಷ್ಟಿದೆ. ಬೇಕೆಂದೇ ಸಣ್ಣದು ಮಾಡಿರುತ್ತಾರೆ, ಷರತ್ತುಗಳನ್ನು ಯಾರೂ ಓದಬಾರದಲ್ಲ. ನನಗೇನು ಗೊತ್ತಾಗುವುದಿಲ್ಲವೇ?

ಬಲ್ಬೂ ಕೆಟ್ಟದ್ದು. ಹೊಸದು ಹಾಕಿಸಿದೆ. ಅದಕ್ಕೂ ಸುತ್ತ ಗಡ್ಡ ಬಂದ ಹಾಗೆ ಬೆಳಕು ಹರಡುತ್ತದೆ. ಈಗಿನ ಕಂಪನಿಗಳು ಎಲ್ಲದರಲ್ಲೂ ಮೋಸ. ಇವರಿಗೆ ಹೇಳಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ನಕ್ಕರು. ಚಿಕ್ಕವಳು ನಗಲಿಲ್ಲ. "ಅಕ್ಕ, ಕಣ್ಣು ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಎಂದಳು. ನನ್ನ ಕಣ್ಣಿಗೇನಾಗಿದೆ? ದಾರಿಯಲ್ಲಿ ಹೋಗುವವರ ಚಪ್ಪಲಿ ನೋಡಿ ಅವರು ಯಾವ ಥರದವರು ಎಂದು ಹೇಳುವವಳು ನಾನು. ನನ್ನನ್ನು ಮುದುಕಿ ಮಾಡಿ ಮೂಲೆಗೆ ಕೂರಿಸುವ ಆತುರ ಇವಳಿಗೆ ಯಾಕೋ.

ಫೆಬ್ರವರಿ 13, ಗುರುವಾರ

ಗೂಢಚಾರನಿಗೆ ನಾನೂ ಒಂದು ಬಲೆ ಬೀಸಿದೆ. ಇಲ್ಲದ ಗಿರಾಕಿಯೊಬ್ಬಳನ್ನು ಹುಟ್ಟಿಸಿ, ಇವರ ಹಳೇ ಫೋನಿನ ನಂಬರು ಕೊಟ್ಟೆ. ಆ ನಂಬರು ಯಾರಿಗೂ ಗೊತ್ತಿಲ್ಲ. ಇವತ್ತು ಮಧ್ಯಾಹ್ನ ಅದಕ್ಕೆ ಫೋನು ಬಂತು, ಸಾಲ ಬೇಕೇ ಎಂದು! ನಾನು ಕುಣಿದಾಡಿಬಿಟ್ಟೆ. "ಅದು ಮೊದ್ಲಿಂದ್ಲೂ ಬರ್ತಿತ್ತು ಕಣೇ, ಅದಕ್ಕೇ ಆ ಫೋನ್ ಎತ್ತಿಟ್ಟಿದ್ದು" ಎಂದರು ಇವರು. ಇರಬಹುದು. ಇಲ್ಲದೆಯೂ ಇರಬಹುದು.

ಪಕ್ಕದ ಅಂಗಡಿಯ ಕೀಲಿಯವನು ಚಹಾ ಕುಡಿಯುತ್ತ ತನ್ನ ಅಭಿಪ್ರಾಯ ಕೊಟ್ಟ. "ಈಗ ಎಐ ಅಂತ ಬಂದಿದೆಯಂತಲ್ಲ ಅಕ್ಕಾವ್ರೇ, ಕಥೆ ಬರೆಯುತ್ತಂತೆ, ಚಿತ್ರ ಬಿಡಿಸುತ್ತಂತೆ, ಡಾಕ್ಟರಿಗೇ ಬುದ್ಧಿ ಹೇಳುತ್ತಂತೆ. ಬೀಗದೊಳಗೆ ಮುರ್ಕೊಂಡಿರೋ ಕೀಲಿ ತೆಗಿ ಅನ್ನಿ, ನೋಡೋಣ!" ನನಗೆ ಖುಷಿಯಾಗಿ ಇನ್ನೊಂದು ಲೋಟ ಚಹಾ ತರಿಸಿದೆ. ಆಮೇಲೆ ನೋಡಿದರೆ ಅವನೂ ತನ್ನ ಅಂಗಡಿಯನ್ನು ಫೋನಿನ ನಕ್ಷೆಯಲ್ಲಿ ಹಾಕಿಸಿದ್ದಾನೆ. ಕೀಲಿ ಒಳಗೇ ಬಿಟ್ಟು ಮನೆಯ ಬಾಗಿಲು ಹಾಕಿಕೊಂಡು ಹೊರಗೆ ನಿಂತವರೆಲ್ಲ ಈಗ ನೇರ ಅವನಿಗೇ ಫೋನ್ ಮಾಡುತ್ತಾರಂತೆ. ಯಾರನ್ನು ನಂಬುವುದು?

ಫೆಬ್ರವರಿ 19, ಬುಧವಾರ

ನೀಲಿ ಬ್ಯಾಗಿಗೆ ಕಪ್ಪು ದಾರ ಹಾಕಿದ್ದೇನಂತೆ. ದಾರದ ಕಂಪನಿಯವರು ಎರಡು ಉಂಡೆಗೂ ಒಂದೇ ಬಣ್ಣ ಬಳಿದು ಕಳಿಸಿದರೆ ನಾನೇನು ಮಾಡಲಿ? ಗಿರಾಕಿ ಗೊಣಗುವ ಮುಂಚೆಯೇ ಚಿಕ್ಕವಳು ಬ್ಯಾಗು ಎಳೆದುಕೊಂಡಳು. "ಕೊಡಿ ಅಕ್ಕ, ನಾನ್ ನೋಡ್ಕೋತೀನಿ. ನೀವು ಕೂತ್ಕೊಳ್ಳಿ."

ಇತ್ತೀಚೆಗೆ ಬಾಯಿ ತೆರೆದರೆ ಇದೇ ಮಾತು. ಸೂಜಿಗೆ ದಾರ ಪೋಣಿಸಿ ಮುಂಚೆಯೇ ಸಾಲಾಗಿ ಚುಚ್ಚಿಟ್ಟಿರುತ್ತಾಳೆ. ಕೇಳಿದವರು ಯಾರು? ಅತಿ ವಿನಯ ಧೂರ್ತ ಲಕ್ಷಣ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಏನಾದರೂ ಕೇಳಿದರೆ ಮಳ್ಳಿಯ ಹಾಗೆ ನೆಲ ನೋಡುತ್ತಾಳೆ.

ಮಾರ್ಚ್ 1, ಶನಿವಾರ

ಗೂಢಚಾರ ತಿಂಗಳ ವರದಿ ಕಳಿಸಿದ್ದಾನೆ. ಅಕ್ಷರ ಸಣ್ಣದೆಂದು ಇವರ ಕೈಯಲ್ಲಿ ಓದಿಸಿದೆ. ಒಂದನೇ ಮೇಜು: ಕೆಲಸದ ವೇಗ ಬಹಳ ಚೆನ್ನಾಗಿದೆ. ಎರಡನೇ ಮೇಜು: ಪ್ರತಿ ಬ್ಯಾಗಿಗೂ ಹಿಡಿಯಬೇಕಾದದ್ದಕ್ಕಿಂತ ಇಮ್ಮಡಿ ಸಮಯ ಹಿಡಿಯುತ್ತಿದೆ, ದಯವಿಟ್ಟು ಗಮನಿಸಿ.

ಇನ್ನೊಮ್ಮೆ ಓದಿ ಎಂದೆ. ಓದಿದರು.

ಒರೆಸಿ ಕವರಿಗೆ ಹಾಕಲು ಅಷ್ಟು ಹೊತ್ತೇ? ನಾನು ಹಿಡಿಕೆ ಹೊಲಿಯುವುದಕ್ಕಿಂತ ಜಾಸ್ತಿ! ಒಂದು ಮಾತು ಒಪ್ಪಿಕೊಳ್ಳಬೇಕು. ಯಂತ್ರಕ್ಕೆ ಮುಲಾಜಿಲ್ಲ. ಈ ಮನೆಯಲ್ಲಿ ನನ್ನ ಕೆಲಸವನ್ನು ಚೆನ್ನಾಗಿದೆ ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಯಿತು? ಗೂಢಚಾರನಾದರೂ ಹೇಳಿದ.

ಮಾರ್ಚ್ 7, ಶುಕ್ರವಾರ

ಆ್ಯಪ್‌ನಲ್ಲಿ ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಉತ್ತರವನ್ನೂ ಬಾಯಲ್ಲೇ ಹೇಳುತ್ತದೆ. ಇದು ಪರವಾಗಿಲ್ಲ, ಸಣ್ಣ ಅಕ್ಷರದ ಕಾಟವಿಲ್ಲ. ಎರಡನೇ ಮೇಜಿನಲ್ಲಿ ಯಾಕೆ ತಡವಾಗುತ್ತಿದೆ ಎಂದು ಕೇಳಿದೆ. ಬಹಳ ಮರ್ಯಾದೆಯಿಂದ ಕಾರಣಗಳನ್ನು ಹೇಳಿತು. ತರಬೇತಿ ಸಾಲದಿರಬಹುದು, ಉಪಕರಣ ಹಳೆಯದಿರಬಹುದು, ಕೆಲಸದ ವೇಳೆಯಲ್ಲಿ ಹೊರಗಿನ ಕೆಲಸ ಮಾಡುತ್ತಿರಬಹುದು. ಇನ್ನೂ ಏನೇನೋ ಹೇಳಿತು. ನನ್ನ ಕಿವಿ ಹೊರಗಿನ ಕೆಲಸದ ಹತ್ತಿರವೇ ನಿಂತುಬಿಟ್ಟಿತ್ತು.

ಹೋದ ವಾರ ಸರ್ಕಲ್ಲಿನ ದೊಡ್ಡ ಬ್ಯಾಗ್ ಅಂಗಡಿಯ ಮ್ಯಾನೇಜರು ಬಂದಿದ್ದ. ನಾನು ಒಳಗೆ ಕೈ ತೊಳೆಯುತ್ತಿದ್ದೆ. ಚಿಕ್ಕವಳ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಹೇಳಿ ಹೋದ. ಕೇಳಿದರೆ, "ಸುಮ್ನೆ ಮಾತಾಡ್ಸೋಕೆ ಬಂದಿದ್ರು ಅಕ್ಕ." ಸುಮ್ಮನೆ ಮಾತಾಡಿಸಲು ಬರುವುದಕ್ಕೆ ಅವನೇನು ಇವಳ ಸೋದರಮಾವನೇ?

ಹಾಗಾದರೆ ವಿಷಯ ಇದು. ನನ್ನ ಅಂಗಡಿಯಲ್ಲಿ ಕೂತು ಅವರ ಕೆಲಸ. ನಾಳೆ ಗಿರಾಕಿಗಳ ಪಟ್ಟಿ ಸಮೇತ ಅತ್ತ ಹಾರುತ್ತಾಳೆ. ಅತ್ತೆ ಬಿಟ್ಟುಹೋದ ಒಂದು ಮಷೀನಿನಿಂದ ನಾನು ಕಟ್ಟಿದ ಅಂಗಡಿ ಇದು. ಕಣ್ಣೆದುರೇ ಹೋಗಲು ಬಿಡುತ್ತೇನೆಯೇ?

ಮಾರ್ಚ್ 10, ಸೋಮವಾರ

ಕಂಡುಬಿಟ್ಟೆ.

ಬ್ಯಾಂಕಿಗೆ ಹೋಗುತ್ತೇನೆಂದು ಹೇಳಿ, ಹಿಂದಿನ ಬಾಗಿಲಿನಿಂದ ಬಂದೆ. ಚಿಕ್ಕವಳು ಮೇಜಿನ ಮೇಲೆ ಬಗ್ಗಿ ಕೂತಿದ್ದಳು. ಕೈಯಲ್ಲಿ ಬ್ಲೇಡು. ನಾನು ಬೆಳಗ್ಗೆ ಹೊಲಿದು ಕೊಟ್ಟ ಹಿಡಿಕೆಯ ಹೊಲಿಗೆಯನ್ನು ಒಂದೊಂದೇ ಕೊಯ್ಯುತ್ತಿದ್ದಳು. ನನ್ನ ಹೊಲಿಗೆಯನ್ನು! ನನ್ನ ನೆರಳು ಬಿದ್ದ ಕೂಡಲೇ ಬಟ್ಟೆ ಎಳೆದು ಮುಚ್ಚಿದಳು.

"ಬೇಗ ಬಂದ್ರಿ ಅಕ್ಕ."

"ಬಂದೆ" ಎಂದೆ. ನೇರ ನನ್ನ ಮೇಜಿಗೆ ಹೋಗಿ ಕೂತೆ.

ಮಾರ್ಚ್ 12, ಬುಧವಾರ

ಸಾಕ್ಷಿ ಗೂಢಚಾರನ ಹತ್ತಿರವೇ ಇದೆ. ನನ್ನ ಕೆಲಸ ಮುಗಿದಾಗಿನ ಫೋಟೋ ಒಂದು, ಕವರಿಗೆ ಹಾಕುವಾಗಿನದು ಇನ್ನೊಂದು. ಇವರನ್ನು ಕೂರಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಎಂದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ ಹೊಲಿಗೆ ಅಲ್ಲ ಕಣೇ."

"ಬೇರೆ ಬ್ಯಾಗುಗಳಲ್ಲಿ?"

"ಅದ್ರಲ್ಲೂ ಹಾಗೇ." ಕನ್ನಡಕ ಕೆಳಗಿಟ್ಟು, "ಯಾವ್ದು ಚೆನ್ನಾಗಿದೆ ಅಂತ ಕೇಳಲ್ವಾ?" ಎಂದರು.

ಅದನ್ನು ಯಾರು ಕೇಳಿದರು? ಕಳ್ಳತನ ಹಿಡಿದುಕೊಟ್ಟರೆ ಕಳ್ಳನ ಕೈಚಳಕ ಹೊಗಳುವ ಜಾತಿ ಇವರದು. "ಮೊದ್ಲು ಅವಳನ್ನ ಕೂರಿಸ್ಕೊಂಡು ಸಮಾಧಾನವಾಗಿ ಕೇಳು" ಎಂದರು. ಸಮಾಧಾನವಂತೆ.

ನನಗೆ ಅರ್ಥವಾಗಿದೆ. ನನ್ನ ಹೊಲಿಗೆ ಬಿಚ್ಚಿ ತನ್ನದು ಹಾಕುತ್ತಾಳೆ. ನಾಳೆ ದೊಡ್ಡ ಅಂಗಡಿಯಲ್ಲಿ ಕೂತು, ನೋಡಿ, ಆ ಕೈಹೊಲಿಗೆ ಎಲ್ಲಾ ನನ್ನದೇ ಆಗಿತ್ತು ಎನ್ನುತ್ತಾಳೆ. ಅಂಗಡಿ ಮಾತ್ರ ಅಲ್ಲ, ನನ್ನ ಹೆಸರನ್ನೂ ಹೊತ್ತುಕೊಂಡು ಹೋಗುವ ಹುನ್ನಾರ.

ಮಾರ್ಚ್ 13, ಗುರುವಾರ

ಕೇಳಿಯೇ ಬಿಟ್ಟೆ. ಅಂಗಡಿಯಲ್ಲಿ ಒಬ್ಬಳು ಗಿರಾಕಿ ನಿಂತಿದ್ದಳು, ನಮ್ಮ ಹಳೆಯ ಗಿರಾಕಿ, ಮಕ್ಕಳಿಗೆ ಸಂಗೀತ ಹೇಳಿಕೊಡುವ ಟೀಚರು. ನಿಂತಿರಲಿ ಎಂದೇ ಕೇಳಿದೆ.

"ನನ್ನ ಹೊಲಿಗೆ ಬಿಚ್ತಿದ್ದೀಯಾ ನೀನು?"

ಅವಳು ಟೀಚರಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹೌದು ಅಕ್ಕ" ಎಂದಳು.

"ಯಾಕೆ?"

"ಆಮೇಲೆ ಹೇಳ್ತೀನಿ. ಮನೆಗೆ ಹೋಗಿ ಮಾತಾಡೋಣ."

"ಮನೇಲಿ ಯಾಕೆ? ಇಲ್ಲೇ ಹೇಳು! ತಿನ್ನೋ ಅನ್ನದ ತಟ್ಟೆಗೆ ಕಲ್ಲು ಹಾಕೋ ಕಳ್ಳಿ! ಸೂಜಿ ಹಿಡಿಯೋಕೆ ಕಲಿಸಿದ ಕೈಗೇ ಚುಚ್ತೀಯಲ್ಲ!"

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕೈಯಲ್ಲಿದ್ದ ಬ್ಯಾಗಿನ ಜಿಪ್ಪನ್ನು ಕೊನೆಯವರೆಗೂ ಹೊಲಿದು, ದಾರ ಕತ್ತರಿಸಿ, ಬ್ಯಾಗನ್ನು ಟೀಚರಿಗೆ ಕೊಟ್ಟಳು. ಆಮೇಲೆ ಬೆರಳಿಗೆ ಹಾಕುವ ತನ್ನ ಅಂಗುಸ್ತಾನ, ಕತ್ತರಿ ತೆಗೆದುಕೊಂಡು ಹೊರಟಳು. ಅವಳು ಬೀದಿಯ ತಿರುವು ದಾಟುವ ಮೊದಲೇ ನಾನು ಆ್ಯಪ್‌ನಲ್ಲಿ ಅವಳ ಹೆಸರು ತೆಗೆಯಲು ಹೇಳಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದೆ.

ಟೀಚರು ಚಿಲ್ಲರೆಗೂ ಕಾಯದೆ ಹೋದಳು. ಹೋಗಲಿ.

ಮಾರ್ಚ್ 14, ಶುಕ್ರವಾರ

ಒಲೆ ಬೇರೆಯಾಯಿತು. ಮೈದುನನ ಪಾಲಿನ ಮೇಲಿನ ಕೋಣೆಗೆ ಚಿಕ್ಕವಳು ಗ್ಯಾಸ್ ಒಲೆ ತರಿಸಿದಳು. ಸಿಲಿಂಡರನ್ನು ಮೆಟ್ಟಿಲು ಹತ್ತಿಸಿಕೊಟ್ಟವರು ಇವರೇ. ನನ್ನ ಗಂಡ!

ಮಾರ್ಚ್ 18, ಮಂಗಳವಾರ

ಅಂಗಡಿ ಆರಾಮಾಗಿ ನಡೆಯುತ್ತಿದೆ. ಯಾರೂ ಬೇಕಿಲ್ಲ. ಜಿಪ್ ಕೆಲಸವನ್ನು ತೆಗೆದುಕೊಳ್ಳುತ್ತಿಲ್ಲ, ಅಷ್ಟೆ. ಹಿಡಿಕೆ, ಪಟ್ಟಿ, ಕೈಹೊಲಿಗೆ ಸಾಕು. ಗಿರಾಕಿಗಳಿಗೆ ಗೂಢಚಾರನೇ ಉತ್ತರ ಕೊಡುತ್ತಾನೆ, ನಮಸ್ಕಾರ ಎನ್ನುತ್ತಾನೆ, ತಡವಾದರೆ ಕ್ಷಮೆ ಕೇಳುತ್ತಾನೆ. ನಾನೂ ಅಷ್ಟು ಚೆನ್ನಾಗಿ ಕ್ಷಮೆ ಕೇಳಲಾರೆ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಅವನ ಜೊತೆಯೇ ಮೊದಲ ಮಾತು. ಎದುರು ಮಾತಾಡುವುದಿಲ್ಲ, ನೆಲ ನೋಡುವುದಿಲ್ಲ, ಕಣ್ಣು ತೋರಿಸಿಕೊಳ್ಳಿ ಎಂದು ಪೀಡಿಸುವುದಿಲ್ಲ.

ಸೂಜಿಗಳು ಮಾತ್ರ ಯಾಕೋ ಈ ಸಲ ಕಣ್ಣೇ ಇಲ್ಲದವು ಬಂದಿವೆ. ಒಂದಕ್ಕೆ ದಾರ ಪೋಣಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಕೀಲಿಯವನನ್ನು ಕರೆದು ದಾರ ಹಾಕಿಸಿಕೊಂಡೆ. "ಚಿಕ್ಕಮ್ಮ ಎಲ್ಲಿ?" ಎಂದ. ಸುದ್ದಿ ತೆಗೆಯಲು ಬಂದವನ ಹಾಗೆ ಕೇಳಿದ.

ಮನೆಯಲ್ಲಿ ಇವರು ಮಾತು ಕಡಿಮೆ ಮಾಡಿದ್ದಾರೆ. ಮೇಲಿನ ಕೋಣೆಯಲ್ಲಿ ಚಹಾ ಕುಡಿದು ಬರುತ್ತಾರೆ. ಅಲ್ಲಿ ನನ್ನ ಬಗ್ಗೆ ಏನು ಮಾತಾಡುತ್ತಾರೋ.

ಮಾರ್ಚ್ 24, ಸೋಮವಾರ

ಒಂದೇ ನಕ್ಷತ್ರ. ಹಿಡಿಕೆ ಎರಡೇ ದಿನಕ್ಕೆ ಕಿತ್ತುಬಂತು ಎಂದು ಬರೆದಿದ್ದಾರೆ. ಇನ್ನೊಂದು, ಅದಕ್ಕೂ ಒಂದೇ ನಕ್ಷತ್ರ, ಬಸ್ಸಿನಲ್ಲಿ ಪಟ್ಟಿ ಬಿಟ್ಟುಹೋಗಿ ಪುಸ್ತಕವೆಲ್ಲ ಚೆಲ್ಲಿತಂತೆ. ಮತ್ತೊಂದು. ಇವರು ಓದಿ ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಬರೆಯುವವರು ಯಾರು ಎಂದು ನನಗೆ ಗೊತ್ತಿಲ್ಲವೇ? ಮೇಲಿನ ಕೋಣೆಯಲ್ಲಿ ಕೂತು ಮಾಡುವುದಕ್ಕೆ ಬೇರೇನು ಕೆಲಸ?

ಆದರೆ ಗೂಢಚಾರನನ್ನು ಕೇಳಿದರೆ ಅವನೂ ಅದನ್ನೇ ಹೇಳುತ್ತಾನೆ. ದೂರುಗಳು ಬರುತ್ತಿರುವುದು ಒಂದನೇ ಮೇಜಿನ ಕೆಲಸಕ್ಕೆ, ಹೊಲಿಗೆಯ ಗುಣಮಟ್ಟ ಪರಿಶೀಲಿಸಿ. ನೋಡಿದಿರಾ? ಇವನೂ ಪಕ್ಷ ಬದಲಿಸಿದ. ಅವಳು ಹೋಗುವ ಮುಂಚೆ ಇದರೊಳಗೆ ಏನೋ ಮಾಡಿಟ್ಟು ಹೋಗಿದ್ದಾಳೆ.

ಮಾರ್ಚ್ 29, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಬೆಳಗ್ಗೆ ನರ್ಸ್ ಒಬ್ಬಳು ಬಂದಳು. ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವವಳು. ಅವಳ ಕೆಲಸದ ಬ್ಯಾಗಿನ ಹಿಡಿಕೆ ನಾನು ಹೊಲಿದುಕೊಟ್ಟದ್ದು. ಮೆಟ್ಟಿಲು ಹತ್ತುವಾಗ ಕಿತ್ತುಬಂದು ಬ್ಯಾಗು ಕೆಳಗೆ ಉರುಳಿದೆ. ಒಳಗಿದ್ದ ಔಷಧದ ಸೀಸೆ ಒಡೆದಿದೆ. ಇನ್ನೊಂದು ತರುವ ತನಕ ಅಲ್ಲಿ ಒಬ್ಬಳು ಹಸಿ ಬಾಣಂತಿ ಕಾದಿದ್ದಾಳೆ. ಏನೂ ಆಗಲಿಲ್ಲವಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ. ನಾನು ಎಂದಿನಂತೆ ದಾರದ ಕಂಪನಿಯನ್ನು ಬೈಯಲು ಶುರು ಮಾಡಿದೆ.

ನರ್ಸ್ ಜಗಳಕ್ಕೆ ಬರಲಿಲ್ಲ. ಬ್ಯಾಗು ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. "ಅಮ್ಮಾ, ಈ ದಾರ ಯಾವ ಬಣ್ಣ ಹೇಳಿ?"

"ಕಪ್ಪು."

"ಈ ಬ್ಯಾಗು?"

"ಅದೂ ಕಪ್ಪೇ."

"ಬ್ಯಾಗು ನೀಲಿ ಅಮ್ಮಾ" ಎಂದಳು ಮೆಲ್ಲಗೆ. ನನ್ನ ಫೋನು ಕೇಳಿ, ಆ್ಯಪ್‌ನಲ್ಲಿದ್ದ ಆ ಬ್ಯಾಗಿನ ಫೋಟೋ ತೆಗೆಸಿ, ಎರಡು ಬೆರಳಲ್ಲಿ ಹಿಗ್ಗಿಸಿದಳು. ಹಿಗ್ಗಿಸಿದ ಹಾಗೆಲ್ಲ ಹೊಲಿಗೆ ಅಂಗೈಯಷ್ಟಾಯಿತು. ಕುಡಿದವನು ನಡೆದ ಹೆಜ್ಜೆಯ ಹಾಗಿತ್ತು. ಒಂದು ಅತ್ತ, ಒಂದು ಇತ್ತ, ನಡುವೆ ಎರಡು ಕಡೆ ಸೂಜಿ ಚರ್ಮಕ್ಕೇ ಇಳಿದಿರಲಿಲ್ಲ.

ಇದು ನನ್ನದಲ್ಲ ಎಂದೆ. ಕೆಳಗೆ ಒಂದನೇ ಮೇಜು ಎಂದಿದೆ ಎಂದಳು.

ಹಳೆಯ ಫೋಟೋಗಳನ್ನೂ ತೆಗೆಸಿದೆ. ಫೆಬ್ರವರಿಯವು. ನಾನು ಮುಗಿಸಿದ್ದು ಎಲ್ಲವೂ ಹೀಗೇ. ಕವರಿಗೆ ಹಾಕುವಾಗಿನವು ಸಾಲು ಹಿಡಿದು, ಒಂದೇ ಅಳತೆ, ಒಂದೇ ಬಿಗಿ, ನಾನು ಮೂವತ್ತನೇ ವಯಸ್ಸಿನಲ್ಲಿ ಹಾಕುತ್ತಿದ್ದ ಹಾಗೆ. ನಾನು ಅವಳಿಗೆ ಕಲಿಸಿದ ಹಾಗೆ.

ನರ್ಸ್ ಹೋದ ಮೇಲೆ ಷಟರ್ ಅರ್ಧ ಇಳಿಸಿ ಕೂತುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆನಲ್ಲ. ಎಲ್ಲರನ್ನೂ ಅನುಮಾನಿಸಿದೆ. ಬಲ್ಬು, ದಾರ, ಸೂಜಿ, ಗಂಡ, ಯಾರನ್ನೂ ಬಿಡಲಿಲ್ಲ.

ಮಾರ್ಚ್ 30, ಭಾನುವಾರ

ಮೇಲೆ ಹೋದೆ. ಚಿಕ್ಕವಳು ಬಟ್ಟೆ ಮಡಿಸುತ್ತಿದ್ದಳು. ಕೂತ್ಕೊಳ್ಳಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾನೇ ಮಂಚದ ಅಂಚಿಗೆ ಕೂತೆ.

"ಎಷ್ಟು ದಿನದಿಂದ ಬಿಚ್ಚಿ ಹೊಲೀತಿದ್ದೆ?"

"ಒಂದು ವರ್ಷದ ಮೇಲಾಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ ಅಕ್ಕ?"

ಅವಳು ಒಂದು ಸೀರೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಕಣ್ಣು ತೋರಿಸ್ಕೊಳ್ಳಿ ಅಂದೆ. ಬೈದ್ರಿ. ಭಾವನ ಹತ್ರ ಹೇಳಿಸ್ದೆ, ಅವ್ರನ್ನೂ ಬೈದ್ರಿ. ಅದಕ್ಕೇ ಆ ಆ್ಯಪ್ ಬೇಕು ಅಂತ ಹಟ ಮಾಡಿದ್ದು. ಫೋಟೋ ದೊಡ್ಡದಾಗಿ ಕಾಣುತ್ತೆ, ನಿಮ್ಮ ಹೊಲಿಗೆ ನೀವೇ ನೋಡ್ಕೋತೀರಿ, ಯಾರೂ ಬಾಯಿಬಿಟ್ಟು ಹೇಳೋದು ಬೇಡ ಅಂದ್ಕೊಂಡೆ."

"ನಾನು ಅದನ್ನ ನಿನ್ನ ಮೇಲೇ ತಿರುಗಿಸ್ದೆ."

"ಹೂಂ."

"ಅವತ್ತು ಟೀಚರ್ ಮುಂದೆ ಹೇಳ್ಬಹುದಿತ್ತಲ್ಲ ಮಾರಾಯ್ತಿ, ಒಂದೇ ಮಾತು!"

"ನಿಮ್ಮ ಕೈಹೊಲಿಗೆ ಅಂತಾನೇ ಹುಡುಕ್ಕೊಂಡು ಬರೋರು ಅವ್ರು. ಅಕ್ಕಂಗೆ ಕಣ್ಣು ಕಾಣಲ್ಲ ಅಂತ ಅವ್ರ ಮುಂದೆ ಹೇಳ್ಲಾ?" ಮಡಿಸಿದ ಸೀರೆಯನ್ನು ಪಕ್ಕಕ್ಕೆ ತಳ್ಳಿದಳು. "ನೀವು ಮಾತ್ರ ನನ್ನನ್ನ ಅವ್ರ ಮುಂದೇನೇ ಕಳ್ಳಿ ಅಂದ್ರಿ."

ನಾನು ತಪ್ಪಾಯ್ತು ಎಂದೆ. ಜೀವನದಲ್ಲಿ ನಾನು ಆ ಮಾತು ಹೇಳಿದ್ದೇ ಅಪರೂಪ. ಅವಳು ಸರಿ ಬಿಡಿ ಎನ್ನಲಿಲ್ಲ. ದೊಡ್ಡ ಅಂಗಡಿಯವರು ಕರೆದಿದ್ದಾರಂತೆ. ಒಂದು ತಿಂಗಳೊಳಗೆ ಹೇಳುತ್ತೇನೆ ಎಂದಿದ್ದಾಳಂತೆ. "ಹೋಗ್ತೀಯಾ?" ಎಂದೆ. "ಯೋಚ್ನೆ ಮಾಡ್ತಿದ್ದೀನಿ ಅಕ್ಕ. ಬೇಜಾರಾಗಿದೆ ನಂಗೆ" ಎಂದಳು.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಬಂದು ಕೈ ಹಿಡಿದುಕೊಂಡಳು. ಕೊನೆಯ ಮೆಟ್ಟಿಲು ನನಗೆ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 2, ಬುಧವಾರ

ಕಣ್ಣಾಸ್ಪತ್ರೆ. ಎರಡೂ ಕಣ್ಣಿಗೆ ಪೊರೆ, ಬಲಿತುಹೋಗಿದೆಯಂತೆ. "ಈ ಕಣ್ಣಲ್ಲಿ ಹೊಲಿಗೆ ಹಾಕ್ತಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು. ಹೌದು ಎಂದೆ. ಇವರು ಕಿಟಕಿಯ ಕಡೆ ನೋಡಿದರು. ಮೊದಲು ಬಲಗಣ್ಣು ಮಾಡುತ್ತಾರೆ, ಆಮೇಲೆ ಎಡಗಣ್ಣು.

ಅಲ್ಲೂ ಒಂದು ಯಂತ್ರ. ಕಣ್ಣಿನೊಳಗೆ ಹಾಕುವ ಮಸೂರದ ಅಳತೆಯನ್ನು ಅದೇ ತೆಗೆಯುತ್ತದಂತೆ. ತಪ್ಪಾಗಿ ತೆಗೆದರೆ ಎಂದು ಕೇಳಿದೆ. "ತಪ್ಪಬಾರ್ದು ಅಂತ್ಲೇ ನಾನಿಲ್ಲಿ ಕೂತಿರೋದು" ಎಂದರು ಡಾಕ್ಟರಮ್ಮ. ಈ ಉತ್ತರ ಪರವಾಗಿಲ್ಲ. ಯಂತ್ರ ಹೇಳಿದ್ದನ್ನು ಪಕ್ಕದಲ್ಲೊಬ್ಬರು ಕೂತು ಸರಿಯಾಗಿ ಓದಬೇಕು. ನಾನು ಅದನ್ನೇ ಮಾಡಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಮುಚ್ಚಿಟ್ಟ ಚಹಾ ಇತ್ತು. ಬಿಸಿ ಇತ್ತು. ತಂದಿಟ್ಟವಳು ಮೇಲೆ ಹೋಗಿದ್ದಳು.

ಏಪ್ರಿಲ್ 11, ಶುಕ್ರವಾರ

ನಾಳೆ ಆಪರೇಷನ್ನು. ಅಂಗಡಿ ಮುಚ್ಚಿದೆ. ಆ್ಯಪ್ ಗಿರಾಕಿಗಳಿಗೆ ತಾನೇ ತಿಳಿಸಿದೆ. ಅಷ್ಟು ಕೆಲಸ ಅದು ಸರಿಯಾಗಿ ಮಾಡುತ್ತದೆ, ಇಲ್ಲವೆನ್ನಲಾರೆ. ಚಿಕ್ಕವಳು ಇನ್ನೂ ಏನೂ ಹೇಳಿಲ್ಲ. ಭಯವಾಗುತ್ತಿದೆ. ಕಣ್ಣಿನ ಭಯವಲ್ಲ. ಕಣ್ಣು ಬಂದ ಮೇಲೆ ಆ ಎರಡನೇ ಮೇಜು ಖಾಲಿ ಕಾಣುತ್ತದಲ್ಲ, ಆ ಭಯ.

ನನ್ನ ಅಕ್ಷರ ಗೆರೆ ಬಿಟ್ಟು ಹೊರಗೆ ಹೋಗುತ್ತಿದೆ ಎಂದು ಇವರು ಹೇಳಿದರು. ಡೈರಿ ಇಣುಕಿ ನೋಡಿದ್ದಾರೆ ಎಂದಾಯಿತು.

ಏಪ್ರಿಲ್ 12, ಶನಿವಾರ

ಇದು ನನ್ನ ಅಕ್ಷರವಲ್ಲ. ಬಲಗಣ್ಣಿಗೆ ಕಟ್ಟು ಹಾಕಿದ್ದಾರೆ, ಎಡಗಣ್ಣಿಗೆ ಪುಟವೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಒಂದು ವಾರ ಓದು ಬರಹ ಬೇಡವಂತೆ. ನಾನು ಹೇಳುತ್ತಿದ್ದೇನೆ, ಚಿಕ್ಕವಳು ಬರೆಯುತ್ತಿದ್ದಾಳೆ.

ಫೋನಿಗೇ ಹೇಳಿದರೆ ಬರೆದುಕೊಳ್ಳುತ್ತದಲ್ಲ ಎಂದರು ಇವರು. ಬೇಡ ಎಂದೆ. ಮನೆಯ ಮಾತನ್ನು ಅದರ ಹತ್ತಿರ ಒಂದು ಸಲ ಆಡಿದ್ದೇ ಸಾಕು. ಚಿಕ್ಕವಳನ್ನು ಕರೆಯಿರಿ ಎಂದೆ. ಬಂದಳು. ಡೈರಿ ಕೈಗೆ ಕೊಟ್ಟರೆ ಹಿಂದೆ ಸರಿದಳಂತೆ. "ನಿಮ್ಮ ಡೈರಿ ನಾನ್ಯಾಕೆ ಮುಟ್ಲಿ ಅಕ್ಕ?"

"ಅದ್ರ ತುಂಬಾ ನಿನ್ನನ್ನೇ ಬೈದಿದ್ದೀನಿ. ಓದ್ಕೊಂಡು ಆಮೇಲೆ ಬರಿ."

ಬಹಳ ಹೊತ್ತು ಪುಟ ತಿರುಗಿಸುವ ಸದ್ದು ಕೇಳಿತು. ಒಂದು ಕಡೆ ನಕ್ಕಳು. ಒಂದು ಕಡೆ ಮೂಗೆಳೆದುಕೊಂಡಳು. ಕೊನೆಗೆ, "ಬೈದಿರೋ ಕಡೆಯೆಲ್ಲ ಪೆನ್ನು ಒತ್ತಿ ಬರೆದಿದ್ದೀರಿ ಅಕ್ಕ, ಹಾಳೆ ತೂತಾಗಿದೆ" ಎಂದಳು.

ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಿದೆ. ಅದನ್ನೂ ಬರಿ ಎಂದೆ. ಬರೆದಳು.

ಆಮೇಲೆ ಕೇಳಿದೆ: ದೊಡ್ಡ ಅಂಗಡಿಗೆ ಹೋಗುತ್ತೀಯಾ? ಬಾಯಲ್ಲಿ ಉತ್ತರ ಬರಲಿಲ್ಲ. ಪೆನ್ನಿನ ಸದ್ದು ಮಾತ್ರ ಬರುತ್ತಿದೆ. ನಾನು ಮಾತು ನಿಲ್ಲಿಸಿದರೂ ಬರುತ್ತಿದೆ. ಏನೇ ಅದು ಬರೀತಿರೋದು ಎಂದೆ. ಉತ್ತರ ಬರೀತಿದ್ದೀನಿ, ಕಣ್ಣು ಬಂದ ಮೇಲೆ ನೀವೇ ಓದ್ಕೊಳ್ಳಿ ಎನ್ನುತ್ತಾಳೆ. ಇವರನ್ನು ಕರೆದು ಓದಿಸಬಹುದು. ಬೇಡ. ಬರೆದದ್ದು ಹಾಗೇ ಇರಲಿ. ಇವತ್ತಿಗೆ ಸಾಕು, ಮುಚ್ಚು.

ಹೋಗಲ್ಲ ಅಕ್ಕ. ವಾರ ಬಿಟ್ಟು ಸೋಮವಾರ ಅಂಗಡಿ ನಾನೇ ತೆರೀತೀನಿ. ಆದರೆ ಗಿರಾಕಿ ಮುಂದೆ ಇನ್ನೊಂದು ಸಲ ಕಳ್ಳಿ ಅಂದರೆ ಹೊರಟೇ ಹೋಗ್ತೀನಿ, ಕರೆಯೋಕೂ ಬರಬೇಡಿ. ಇದನ್ನು ಈಗ ಬಾಯಿಬಿಟ್ಟು ಹೇಳೋದಿಲ್ಲ. ಒಂದು ವಾರ ಅನುಮಾನ ಪಡುತ್ತಾ ಮಲಗಿರಿ.